ಬೀದಿಯ ಬಾಳಿನ ಕಪ್ಪು-ಬಿಳುಪು

ನಮ್ಮ ಅಂತೂರ ಬೆಂತೂರಿನ ಮನೆಗಳ ಗೋಡೆಗೆ ತೂಗಹಾಕಿದ ಹಳೆಯ ಭಾವಚಿತ್ರಗಳನ್ನು ಕಂಡರೆ, ನಮ್ಮ ಹಿರಿಯರು ದುಡಿಮೆಯನ್ನೇ ಅರಿಯದವರೆಂದು ಪರಸ್ಥಳದವರು ಭಾವಿಸಿಯಾರು. ಗದಗಿನ ಸ್ಟುಡಿಯೋದಲ್ಲಿ, ಚಿತ್ರ ಬರೆದ ಪರದೆಯ ಮುಂದೆ, ಕೈಗಳನ್ನು ತೊಡೆಯ ಮೇಲಿರಿಸಿ, ಉಸಿರು ಬಿಗಿಹಿಡಿದು ಕುಳಿತವರೇ ಎಲ್ಲರೂ! ನಮ್ಮ ಅಜ್ಜಿಯವರದೂ ಅಂಥದೊಂದುಂಟು. ಸಂತೆಯಲ್ಲಿ ಮೆಣಸಿನಕಾಯಿಯ ರಾಶಿಯ ಹಿಂದೆ ಕುಳಿತು ಗಿರಾಕಿಗಳೊಡನೆ ವಾದಿಸುತ್ತಿದ್ದ ಅಜ್ಜಿಯನ್ನು ನಾವು ಬಲ್ಲೆವು. ನಮ್ಮ ಮೊಮ್ಮಕ್ಕಳು ಬಲ್ಲುದು ಕುರ್ಚಿಯ ಮೇಲಿನ ಈ ಮೌನಿಯನ್ನು ಮಾತ್ರ.

ಇದು ಛಾಯಾಚಿತ್ರಕಾರರ ದೋಷವೆನ್ನಲಾಗದು. ಅಗಲ ಫಿಲ್ಮಿನ ಒಂದು ಸುರುಳಿಯಲ್ಲಿ ಚೌಕ ಚಿತ್ರಗಳು ೧೨ ಮಾತ್ರ. ಸಣ್ಣ ಫಿಲ್ಮಿನಲ್ಲಿ ೩೬. ಹಣ ತೆತ್ತು ಕುಳಿತವರನ್ನು ಬಿಟ್ಟು, ಬೀದಿಯಲ್ಲಿ ಹೋಗುವವರಿಗಾಗಿ ಅದನ್ನು ವೆಚ್ಚಮಾಡುವವರಾರು?

ಹಾಗೆ ಮಾಡಿದವರೂ ಇಲ್ಲದಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಕ್ಯಾಮರಾ ಹಿಡಿದು ದೇಶ ಸುತ್ತಿ, ಜನಸಾಮಾನ್ಯರನ್ನು, ವಿಶೇಷವಾಗಿ ಮಕ್ಕಳನ್ನು, ಇದ್ದ ಎಡೆಯಲ್ಲಿ ಇದ್ದಂತೆಯೇ ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದರು. ೧೯೭೯ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಬರಿಗಾಲ ಮಕ್ಕಳು ಅಲ್ಲಿಯವರೆಗೆ ನಡೆದರು!

ಬಣ್ಣವಿಲ್ಲದುದು ಕೊರತೆಯಲ್ಲವೇ ಎಂದು ವಾಚಕರು ಕೇಳಬಹುದು. ಸಂತೆಯ ಚಿತ್ರವನ್ನು ಬಣ್ಣದಲ್ಲಿ ತೆಗೆದು ನೋಡಿರಿ: ಮೆಣಸಿನಕಾಯಿಯ ಕೆಂಪು ಕಣ್ಣನ್ನೆಲ್ಲ ನುಂಗಿಬಿಡುವುದು, ಮಾರುವವಳ ಮುಖವನ್ನು ಯಾರೂ ನೋಡರು. ಬೆಟಗೇರಿಯ ಮಗ್ಗದಲ್ಲಿಯೂ ಹಾಗೆಯೇ. ಸೀರೆಯ ಅಂಚು ಮೆರೆಯುವುದು. ಕುಣಿಯಲ್ಲಿ ಕಾಲಿಳಿಸಿ ಕುಳಿತ ನೇಕಾರನು ಮರೆಯಾಗುವನು. ಬಣ್ಣ ಕಳೆದರೆ ಕಿಂಡಿಯ ಬೆಳಕು, ಬಾಗಿದ ಬೆನ್ನು, ನೂಲು ಹಿಡಿದ ಬೆರಳು ಇವಿಷ್ಟೇ ಉಳಿಯುವುವು.

ಈಗ ಮೊಬೈಲು ಎಲ್ಲರ ಕೈಯಲ್ಲಿದೆ, ಫಿಲ್ಮಿನ ವೆಚ್ಚವಿಲ್ಲ. ಆದರೂ ಮಗ್ಗದ ಮುಂದೆ ನಿಂತ ತರುಣರು ಅದನ್ನು ತಮ್ಮ ಮುಖಕ್ಕೇ ತಿರುಗಿಸಿಕೊಳ್ಳುತ್ತಾರೆ. ಮಗ್ಗಗಳೋ ವರುಷ ವರುಷಕ್ಕೆ ಕಡಿಮೆಯಾಗುತ್ತಲಿವೆ.

ಒಂದು ತೊಡಕು ಮಾತ್ರ ನಮಗೆ ಇಂದಿಗೂ ಬಗೆಹರಿದಿಲ್ಲ. ಕೇಳದೆ ಚಿತ್ರ ತೆಗೆಯುವುದು ಸಭ್ಯತೆಯಲ್ಲ. ಕೇಳಿದರೆ ಸೆರಗು ಸರಿಪಡಿಸಿಕೊಂಡು ಬಿಗಿಯಾಗಿ ಕುಳಿತುಬಿಡುತ್ತಾರೆ, ಮತ್ತೆ ಸ್ಟುಡಿಯೋವೇ! ಆದಕಾರಣ ನಾವು ಕೇಳಿಯೇ ಕುಳಿತು, ಅವರು ನಮ್ಮನ್ನು ಮರೆಯುವವರೆಗೆ ಕಾಯುತ್ತೇವೆ. ಚಿತ್ರವನ್ನು ಅವರಿಗೆ ತೋರಿಸದೆ ಏಳುವುದಿಲ್ಲ. ಮೊನ್ನೆ ಗದಗಿನ ಪೇಟೆಯಲ್ಲಿ ಉಳ್ಳಾಗಡ್ಡಿ ಮಾರುವ ಮುದುಕಿಯೊಬ್ಬಳು ತನ್ನ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, "ತಮ್ಮಾ, ನನ್ನ ಮಾರಿ ಹೆಂಗರ ಇರಲಿ, ತಕ್ಕಡಿ ಸರಿ ಬಂದೈತಿಲ್ಲೋ?" ಎಂದು ಕೇಳಿದಳು.