ಅವ್ವನ ತಡ, ಮಗುವಿನ ಅವಸರ

1972ರ ಬರಗಾಲದಲ್ಲಿ ನಮ್ಮ ಅವ್ವ ಹದಿಮೂರರ ಹುಡುಗಿ. ಉಮರ್ಗಾ ತಾಲೂಕಿನ ಪರಿಹಾರ ಕಾಮಗಾರಿಯಲ್ಲಿ ಖಡಿ ಒಡೆದು, ಪರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿ ತಿಂದು ದಿನ ದೂಡಿದವಳು. ಹದಿನಾರು ತುಂಬಿದರೂ ಅವಳು ಮೈನೆರೆಯದಿದ್ದಾಗ ಓಣಿಯ ಹೆಂಗಸರು ಆಡಿಕೊಂಡರಂತೆ. ಹೊಟ್ಟೆಗೆ ಸಾಲದ ದೇಹವು ತಾಯ್ತನದ ಸಿದ್ಧತೆಯನ್ನು ಮುಂದೂಡುತ್ತದೆ. ಮೈಯ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ರಸವು ಕಡಿಮೆಯಾದರೆ ಮಿದುಳು ಅದಕ್ಕೆ ಅಪ್ಪಣೆ ಕೊಡಲು ಹಿಂಜರಿಯುವುದೆಂದು ಇಂದು ವಿಜ್ಞಾನ ಹೇಳುತ್ತದೆ. ಆ ರಸ ಪತ್ತೆಯಾದುದು 1994ರಲ್ಲಿ.

ಆದಕಾರಣ ಕಷ್ಟವು ಬೆಳವಣಿಗೆಯನ್ನು ತಡೆಯುವುದಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ. ನನ್ನ ನಂಬಿಕೆಯನ್ನು ಕದಲಿಸಿದವಳು ಐದನೆಯ ಇಯತ್ತೆಯ ಒಬ್ಬ ಹುಡುಗಿ. ತಂದೆ ಜಗಳವಾಡಿ ಮನೆ ಬಿಟ್ಟಿದ್ದ. ಸೋದರಮಾವನ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ನೆಮ್ಮದಿಗೆ ಇತ್ತು. ಹತ್ತನೆಯ ವರ್ಷಕ್ಕೇ ಅವಳು ಮೈನೆರೆದಳು. ಶಾಲೆಗೆ ಬರುವುದು ನಿಂತಿತು. ವಿಚಾರಿಸಲು ಹೋದ ನನಗೆ ತಾಯಿ, “ದೊಡ್ಡಾಕಿ ಆಗ್ಯಾಳ್ರೀ ಅಕ್ಕೋರೆ, ಇನ್ನ ಸಾಲಿ ಯಾಕ?” ಎಂದಳು. ನಾನು ನಾಚಿ ಸುಮ್ಮನೆ ಹಿಂದಿರುಗಿದೆ. ಆ ಮೌನ ನನ್ನ ತಪ್ಪು.

ಬಳಿಕ ಓದಿ ತಿಳಿದೆ. ಸ್ವೀಡನ್ನಿಗೆ ದತ್ತುಹೋದ 107 ಭಾರತೀಯ ಹುಡುಗಿಯರ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಅವರು ಋತುಮತಿಯರಾದ ಮಧ್ಯಮ ವಯಸ್ಸು 11.6 ವರ್ಷ, ಅದು ಅಲ್ಲಿಯ ಹುಡುಗಿಯರಿಗಿಂತಲೂ, ನಮ್ಮ ದೇಶದ ಉಳ್ಳವರ ಮನೆಯ ಹುಡುಗಿಯರಿಗಿಂತಲೂ ಮುಂಚೆ. ಎಳವೆಯಲ್ಲಿ ಬಡಕಲಾದ ದೇಹವು ಸಮೃದ್ಧ ಆಹಾರ ದೊರೆತೊಡನೆ ಅವಸರಪಡುವುದುಂಟು. ತಂದೆಯಿಲ್ಲದ ಮನೆ, ಕಲಹ, ಭಯ ಇವುಗಳಿಗೂ ಬೇಗನೆ ಮೈನೆರೆಯುವುದಕ್ಕೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ವಂಶದ ಗುಣವೂ ಮೈಯ ತೂಕವೂ ಇದರಲ್ಲಿ ಬೆರೆತಿರುವುದರಿಂದ, ಒಬ್ಬ ಹುಡುಗಿಯನ್ನು ತೋರಿಸಿ ಕಾರಣವಿದೇ ಎನ್ನಲಾಗದು.

ನಾನು ಮತ್ತೊಮ್ಮೆ ಆ ಮನೆಗೆ ಹೋದೆ. “ತಂಗೀ, ಮೈ ಬೆಳೆದೈತಿ, ಮನಸ್ಸು ಇನ್ನೂ ಹತ್ತು ವರ್ಷದ್ದೇ. ಮದುವಿ ಮಾಡಬೇಕಂದ್ರ ಕಾಯ್ದೆ ಹದಿನೆಂಟು ಕೇಳ್ತದ. ಅಲ್ಲೀತನಕ ಪಾಟಿ ಯಾಕ ಕಸೀತಿ?” ಎಂದೆ. ತಾಯಿ ಉತ್ತರ ಕೊಡಲಿಲ್ಲ. ಅಂಗಳದಲ್ಲಿ ಹುಡುಗಿ ಕುಂಟೆಬಿಲ್ಲೆಯ ಮನೆಗಳನ್ನು ಸುಣ್ಣದ ಕಲ್ಲಿನಿಂದ ಬರೆಯುತ್ತಿದ್ದಳು. ತಾಯಿ ಅದನ್ನು ಬಹಳ ಹೊತ್ತು ನೋಡಿದಳು.

ಸೋಮವಾರ ಹಾಜರಿ ಕೂಗಿದಾಗ ಆ ಹೆಸರಿಗೆ ಉತ್ತರ ಬಂದಿತು.