ಹಳೆಯ ಸಾಮಾನಿನ ಬೆಲೆ

ಅನ್ಯರು ಬಳಸಿದ ವಸ್ತುವನ್ನು ಹಣ ತೆತ್ತು ಮನೆಗೆ ತರುವುದು ನಮ್ಮ ಹಿರಿಯರಿಗೆ ಸಮ್ಮತವಾಗಿರಲಿಲ್ಲ. ಪಾತ್ರೆಯಾದರೆ ಹುಣಿಸೆಹಣ್ಣಿನಿಂದ ಬೆಳಗಿ, ಬೆಂಕಿ ತೋರಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಆ ಪ್ರಾಯಶ್ಚಿತ್ತವೂ ಇರಲಿಲ್ಲ. ಕೊರೋನಾ ಬಂದಮೇಲೆ ಈ ಮಡಿಯೇ ಬೇರೊಂದು ವೇಷ ತೊಟ್ಟು ಊರೆಲ್ಲ ಹಬ್ಬಿತು. 2020ರಲ್ಲಿ ಹಾಲಿನ ಪೊಟ್ಟಣವನ್ನೂ ಸಾಬೂನು ಹಾಕಿ ತೊಳೆದವರಲ್ಲವೆ ನಾವು! ಸೋಂಕು ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುವುದೆಂದು ತಿಳಿದಮೇಲೂ ಕೈ ಹಿಂಜರಿಯುವುದು ತಪ್ಪಲಿಲ್ಲ.

ಆ ವರ್ಷ ಮೇ 12ರವರೆಗೆ ನಮ್ಮ ಹಾಸನ ಜಿಲ್ಲೆಯಲ್ಲಿ ರೋಗವು ಕಾಣಿಸಿರಲಿಲ್ಲ. ಅಂದು ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಮರಳಿದವರಲ್ಲಿ ಮೊದಲು ಗೋಚರಿಸಿತು. ಮರುವರ್ಷದ ಎರಡನೆಯ ಅಲೆಯು ಅಷ್ಟು ದಾಕ್ಷಿಣ್ಯವನ್ನೂ ತೋರಲಿಲ್ಲ. 2021ರ ಜೂನ್ 14ರಂದು ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ನಿರ್ಬಂಧವು ಸಡಿಲವಾದಾಗ, ಸಡಿಲವಾಗದೆ ಉಳಿದ 11 ಜಿಲ್ಲೆಗಳಲ್ಲಿ ಹಾಸನವೂ ಒಂದು. ಜುಲೈ 5ರ ತರುವಾಯವೇ ಅಂಗಡಿಗಳ ಬಾಗಿಲುಗಳು ನೆಟ್ಟಗೆ ತೆರೆದುವು; ರಾತ್ರಿ 9ಕ್ಕೆ ಮತ್ತೆ ಕರ್ಫ್ಯೂ.

ಆ ದಿನಗಳಲ್ಲಿ ಸೊಸೆಗೊಂದು ಹೊಲಿಗೆ ಯಂತ್ರವನ್ನರಸುತ್ತ ಹೊಳೆನರಸೀಪುರಕ್ಕೆ ಹೋದೆನು. ಹೊಸದನ್ನು ಕೊಳ್ಳುವಷ್ಟು ಅನುಕೂಲವಿರಲಿಲ್ಲ. ಮಾರುವವನು ಒಬ್ಬ ದರ್ಜಿ. ಎರಡು ವರ್ಷವೂ ವೈಶಾಖದ ಲಗ್ನಗಳ ಕಾಲವು ಬೀಗಮುದ್ರೆಯಲ್ಲಿಯೇ ಕಳೆದುಹೋಗಿತ್ತು. ಹತ್ತಾರು ಜನರ ಮದುವೆಗೆ ಎಷ್ಟು ರವಿಕೆ ಬೇಕು? ಶಾಲೆಗಳು ತೆರೆಯದಿರಲು ಸಮವಸ್ತ್ರದ ಕೆಲಸವೂ ಇಲ್ಲ. ಮಗಳ ಪಾಠವೆಲ್ಲ ಮೊಬೈಲಿನಲ್ಲಿ ನಡೆಯುತ್ತಿದ್ದುದರಿಂದ, ಯಂತ್ರವನ್ನು ಮಾರಿ ಆಕೆಗೊಂದು ಮೊಬೈಲು ಕೊಳ್ಳಬೇಕೆಂದನು. ಅದೂ ಯಾರೋ ಬಳಸಿದ ಹಳೆಯದೇ.

ಹಳೆಯ ಸಾಮಾನಿಗೆ ಚೌಕಾಶಿ ಮಾಡದವನು ಸಂತೆಯನ್ನೇ ಕಂಡವನಲ್ಲವೆಂಬುದು ನಮ್ಮ ಕಡೆಯ ತಿಳಿವಳಿಕೆ. ನಾನೂ ಮನಸ್ಸಿನಲ್ಲಿ ಒಂದು ಅಂಕಿಯನ್ನಿಟ್ಟುಕೊಂಡೇ ಹೋಗಿದ್ದೆನು. ಆದರೆ ಕೊಳ್ಳುವವನ ಅದೃಷ್ಟವೆಂಬುದು ಬಹುಮಟ್ಟಿಗೆ ಮಾರುವವನ ಅವಸರವೇ ಆಗಿರುತ್ತದೆ. ಅದನ್ನು ಎದುರಿಗೆ ನಿಂತು ನೋಡುತ್ತ ಬೆಲೆ ಇಳಿಸುವುದು ಸುಲಭವಲ್ಲ. ಅವನು ಹೇಳಿದ್ದು 4000 ರೂಪಾಯಿ. ಮೊಬೈಲಿಗೆಷ್ಟೆಂದು ಕೇಳಿದೆನು. 5000 ಎಂದನು. ಐದನ್ನೇ ಕೊಟ್ಟೆನು. ಇದನ್ನು ವ್ಯಾಪಾರವೆಂದು ನನ್ನ ಮನೆಯಾಕೆ ಇಂದಿಗೂ ಒಪ್ಪಿಲ್ಲ.

ದರ್ಜಿಯು ಯಂತ್ರಕ್ಕೆ ಎಣ್ಣೆ ಬಿಟ್ಟು, ದಾರ ಪೋಣಿಸುವ ಕ್ರಮವನ್ನು ಎರಡು ಸಲ ತೋರಿಸಿದನು. ಬೆಲ್ಟು ಸಡಿಲವಾದರೆ ಏನು ಮಾಡಬೇಕೆಂದು, ನಾನು ಕೇಳದಿದ್ದರೂ, ವಿವರಿಸಿದನು. ಆಟೋದಲ್ಲಿ ಏರಿಸುವ ಮೊದಲು ಖಾನೆಯನ್ನೆಳೆದು ಒಳಗಿದ್ದ ಕತ್ತರಿಯನ್ನು ತೆಗೆದುಕೊಂಡನು.

“ಇದೊಂದು ನನಗಿರಲಿ, ಸ್ವಾಮಿ. ಕತ್ತರಿ ಕೈಯಲ್ಲಿದ್ದರೆ ಇನ್ನೊಬ್ಬರ ಅಂಗಡಿಯಲ್ಲಾದರೂ ಕೂತೇನು.”