ಥಿಯೋರ್ಬೊ: ದೊಡ್ಡದೋ ಚಿಕ್ಕದೋ?

17ನೇ ಶತಮಾನದ ಇಟಲಿಯಲ್ಲಿ ಗಾಯಕರಿಗೆ ಪಕ್ಕವಾದ್ಯವಾಗಿದ್ದ ಥಿಯೋರ್ಬೊ ಎಂಬ ತಂತಿವಾದ್ಯ ಹೆಚ್ಚುಕಡಿಮೆ ಆಳೆತ್ತರದ್ದು. ಬೆರಳಿಟ್ಟು ನುಡಿಸುವ ತಂತಿಗಳೇ 80-90 ಸೆಂ.ಮೀ. ಅಷ್ಟುದ್ದದ ಕರುಳಿನ ತಂತಿಯನ್ನು ಮೇಲಿನ ಸ್ವರಕ್ಕೆ ಬಿಗಿದರೆ ಫಟ್ಟನೆ ಕಿತ್ತುಹೋಗುತ್ತದೆ. ಅದಕ್ಕೇ ‘ಎ’ ಶ್ರುತಿಯಲ್ಲಿ ಮೊದಲೆರಡು ತಂತಿಗಳನ್ನು ಒಂದು ಸ್ಥಾಯಿ ಕೆಳಗಿಳಿಸಿದರು. ಎಲ್ಲಕ್ಕಿಂತ ಎತ್ತರದ ಸ್ವರ ಮೂರನೇ ತಂತಿಯ ಪಾಲಾಯಿತು.

ಈಗ 76 ಸೆಂ.ಮೀ. ಆಸುಪಾಸಿನ ವಾದ್ಯಗಳೂ ಸಿಗುತ್ತವೆ. ಕೈಗೂ ಸಲೀಸು, ಪ್ರಯಾಣಕ್ಕೂ ಸಲೀಸು. ಆದರೆ ಅದೇ ಶ್ರುತಿ ಬೇಕೆಂದರೆ ತಂತಿ ದಪ್ಪವಾಗಬೇಕು, ನಾದ ಮಂಕಾಗುತ್ತದೆ. ಹಾಡುವವರಿಗೆ ಆಸರೆಯಾಗಬೇಕಾದದ್ದು ಮಂದ್ರದ ಗುಂಗು. ಪಕ್ಕವಾದ್ಯಕ್ಕಾದರೆ, ಬೆರಳು ನೋಯದೆ ಎಟಕುವಷ್ಟು ದೊಡ್ಡದನ್ನೇ ಆರಿಸಿಕೊಳ್ಳಿ.